ತುಮಕೂರು ಸೀಮೆಯಲ್ಲಿ ಬುಕಾನನ್ ವೈದ್ಯನು

ರೋಗಿಯನ್ನು ಪರೀಕ್ಷಿಸುವುದಕ್ಕೆ ದರ್ಶನ, ಸ್ಪರ್ಶನ, ಪ್ರಶ್ನ ಎಂಬ ಮೂರು ಉಪಾಯಗಳನ್ನು ನಮ್ಮ ವೈದ್ಯಶಾಸ್ತ್ರವು ವಿಧಿಸಿರುತ್ತದೆ. ಕಣ್ಣಿನಿಂದ ನೋಡಬೇಕು, ಕೈಯಿಂದ ಮುಟ್ಟಬೇಕು, ಬಾಯಿಂದ ಕೇಳಬೇಕು. ಮೂರರಲ್ಲಿ ಒಂದನ್ನು ಬಿಟ್ಟರೂ ನಿದಾನವು ತಪ್ಪುವುದು. ನಿದಾನವಾದ ಮೇಲೆ ಚಿಕಿತ್ಸೆ. ಮಾಧವಕರನು ನಿದಾನವೊಂದನ್ನೇ ವಿಷಯವಾಗಿಟ್ಟುಕೊಂಡು ಗ್ರಂಥವನ್ನು ರಚಿಸಿ ಚಿಕಿತ್ಸೆಯನ್ನು ಇತರ ಗ್ರಂಥಗಳಿಗೆ ಬಿಟ್ಟನೆಂಬುದು ನಿಜ. ಆದರೆ ಅದನ್ನೋದಿದ ವೈದ್ಯನು ಮುಂದೆ ರೋಗಿಯ ಬಳಿಗೆ ಹೋಗುವನೆಂಬ ಭರವಸೆಯು ಆ ಗ್ರಂಥಕ್ಕೆ ಆಧಾರವಾಗಿದೆ. ಇಡಿಯ ಒಂದು ನಾಡನ್ನೇ ರೋಗಿಯಂತೆ ಪರೀಕ್ಷಿಸಿ, ಮೂರು ಸಂಪುಟಗಳಷ್ಟು ನಿದಾನವನ್ನು ಬರೆದು, ಚಿಕಿತ್ಸೆಯ ಹೊಣೆಯನ್ನು ಹೊರದೆ ಹೊರಟುಹೋದ ವೈದ್ಯನೊಬ್ಬನು ನಮ್ಮ ತುಮಕೂರು ಸೀಮೆಯನ್ನು ಹಾದುಹೋಗಿರುವನು. ಈಸ್ಟ್ ಇಂಡಿಯಾ ಕಂಪೆನಿಯ ಸರ್ಜನ್ ಆಗಿದ್ದ ಫ್ರಾನ್ಸಿಸ್ ಬುಕಾನನನೇ ಆತನು. ಅವನ ಗ್ರಂಥದಿಂದ ಇತಿಹಾಸಕಾರರು ಅಂಕಿಗಳನ್ನು ಎತ್ತಿಕೊಳ್ಳುವುದು ವಾಡಿಕೆ. ಅದನ್ನು ಬರೆದವನು ವೈದ್ಯನೆಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿದರೆ ಆ ಗ್ರಂಥದ ಗುಣವೂ ದೋಷವೂ ಹೇಗೆ ಸ್ಪಷ್ಟವಾಗುವುವೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಬುಕಾನನನು 1762ನೆಯ ಇಸವಿಯಲ್ಲಿ ಸ್ಕಾಟ್ಲೆಂಡಿನ ಪರ್ತ್ ಪ್ರಾಂತದಲ್ಲಿ ಹುಟ್ಟಿದನು. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ವೈದ್ಯವನ್ನು ಕಲಿತು 1783ರಲ್ಲಿ ಎಂ.ಡಿ. ಪದವಿಯನ್ನು ಪಡೆದನು. ಬಿಟ್ಟು ಬಿಟ್ಟು ಬರುವ ಜ್ವರಗಳ ಚಿಕಿತ್ಸೆಯೇ, ಎಂದರೆ ನಮ್ಮವರು ವಿಷಮಜ್ವರವೆನ್ನುವುದೇ, ಅವನ ಪ್ರಬಂಧದ ವಿಷಯವಾಗಿತ್ತು. ಅಲ್ಲಿ ಸಸ್ಯಶಾಸ್ತ್ರವನ್ನು ಬೋಧಿಸುತ್ತಿದ್ದ ಜಾನ್ ಹೋಪನು ಲಿನ್ನೇಯಸನ ಪದ್ಧತಿಯನ್ನು ಶಿಷ್ಯರಿಗೆ ಹೇಳಿಕೊಟ್ಟವನು. ಆ ಕಾಲದಲ್ಲಿ ಔಷಧವೆಂದರೆ ಬಹುಮಟ್ಟಿಗೆ ಮೂಲಿಕೆಯೇ. ಆದುದರಿಂದ ಗಿಡವನ್ನು ಗುರುತಿಸಲರಿಯದವನು ವೈದ್ಯನಾಗುವಂತಿರಲಿಲ್ಲ. ಈ ಮಾತಿನಲ್ಲಿ ಎಡಿನ್‌ಬರೋವಿನ ಗುರುಗಳಿಗೂ ನಮ್ಮ ನಿಘಂಟುಕಾರರಿಗೂ ಭೇದವಿಲ್ಲ. ಬುಕಾನನನು ಕೆಲವು ವರ್ಷ ಹಡಗುಗಳಲ್ಲಿ ವೈದ್ಯನಾಗಿದ್ದು, 1794ರಲ್ಲಿ ಕಂಪೆನಿಯ ಬಂಗಾಳದ ವೈದ್ಯ ಇಲಾಖೆಯನ್ನು ಸೇರಿದನು. ಮರುವರ್ಷ ಸೈಮ್ಸನ ರಾಯಭಾರದೊಡನೆ ಬರ್ಮಾದ ಆವಾ ರಾಜ್ಯಕ್ಕೂ, 1798ರಲ್ಲಿ ಚಿತ್ತಗಾಂಗ್ ಪ್ರಾಂತಕ್ಕೂ ಹೋಗಿಬಂದನು.

ಕಂಪೆನಿಯ ಸರ್ಜನನ ಉದ್ಯೋಗವು ಹೆಸರಿನಲ್ಲಿ ಸೈನಿಕರ ಗಾಯಗಳಿಗೆ ಪಟ್ಟಿ ಕಟ್ಟುವುದು, ಜ್ವರಕ್ಕೆ ಔಷಧ ಕೊಡುವುದು, ಠಾಣ್ಯದ ಅಧಿಕಾರಿಗಳ ಆರೋಗ್ಯವನ್ನು ನೋಡಿಕೊಳ್ಳುವುದು. ಆದರೆ ಕಂಪೆನಿಯ ಚಾಕರಿಯಲ್ಲಿದ್ದವರ ಪೈಕಿ ಸಸ್ಯ, ಖನಿಜ, ರಸಾಯನ, ಪ್ರಾಣಿ ಇವುಗಳ ಶಾಸ್ತ್ರವನ್ನು ಕ್ರಮವಾಗಿ ಕಲಿತವರು ವೈದ್ಯರೇ ಆದುದರಿಂದ ಹೊಸದಾಗಿ ಕೈಗೆ ಬಂದ ನಾಡುಗಳನ್ನು ಪರೀಕ್ಷಿಸುವ ಕೆಲಸವೂ ಅವರ ಪಾಲಿಗೆ ಬೀಳುತ್ತಿತ್ತು. ಮೈಸೂರಿನಲ್ಲಿಯೇ ಇದಕ್ಕೆ ಬೇರೆ ನಿದರ್ಶನಗಳುಂಟು. ಕರ್ನಲ್ ಮೆಕೆಂಜಿಯ ಮೋಜಣಿಗೆ ಸೇರಿದ್ದ ಬೆಂಜಮಿನ್ ಹೈನನು ವೈದ್ಯನು. ಬೆಂಗಳೂರಿನ ಲಾಲ್‌ಬಾಗು ಕೆಲವು ಕಾಲ ಅವನ ವಶದಲ್ಲಿತ್ತು. ಅದೇ ಮೋಜಣಿಗೆ ತರುವಾಯ ಬಂದ ಜಾನ್ ಲೇಡನನೂ ವೈದ್ಯನೇ. ಅವನು ಪ್ರಸಿದ್ಧನಾದುದು ಭಾಷಾಪಂಡಿತನೆಂದು. ಹೀಗೆ ಆ ಕಾಲದ ಇಂಗ್ಲೀಷು ವೈದ್ಯನ ದಿನಚರಿಯಲ್ಲಿ ನಾಡಿಯನ್ನು ಹಿಡಿಯುವ ಹೊತ್ತಿಗಿಂತ ನಾಡನ್ನು ನೋಡುವ ಹೊತ್ತೇ ಕೆಲವೊಮ್ಮೆ ಹೆಚ್ಚಾಗಿರುತ್ತಿತ್ತು.

1799ನೆಯ ಇಸವಿ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದು ಟಿಪ್ಪು ಸುಲ್ತಾನನು ಮಡಿದನು. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಬಾಲ್ಯದಲ್ಲಿಯೇ ಪಟ್ಟವಾಯಿತು, ಪೂರ್ಣಯ್ಯನವರು ದಿವಾನರಾದರು. ಹೊಸ ಒಪ್ಪಂದದಂತೆ ಮೈಸೂರು ಸಂಸ್ಥಾನವು ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ, ಎಂದರೆ ಮದರಾಸಿನ ವರಹಗಳನ್ನು, ಕಂಪೆನಿಗೆ ಸಲ್ಲಿಸಬೇಕಾಯಿತು. ಹಣವನ್ನು ಸಲ್ಲಿಸತಕ್ಕ ನಾಡಿನ ಬಲಾಬಲವನ್ನು ಹಣವನ್ನು ಪಡೆಯತಕ್ಕವನು ತಿಳಿಯಬಯಸಿದುದು ಆಶ್ಚರ್ಯವಲ್ಲ. ಗವರ್ನರ್ ಜನರಲ್ ವೆಲ್ಲೆಸ್ಲಿಯು 1800ನೆಯ ಇಸವಿ ಫೆಬ್ರವರಿ 24ರಂದು ಬುಕಾನನನಿಗೆ ಆಜ್ಞಾಪತ್ರವನ್ನು ಕಳುಹಿಸಿದನು. ಬೇಸಾಯದ ಕ್ರಮ, ದನಕರುಗಳ ತಳಿ, ಹತ್ತಿ ಮೆಣಸು ಗಂಧ ಏಲಕ್ಕಿಗಳ ಉತ್ಪತ್ತಿ, ಗಣಿಗಳು, ಕೈಗಾರಿಕೆಗಳು, ಹವೆ, ಜನರ ಸ್ಥಿತಿಗತಿ ಇವೆಲ್ಲವನ್ನೂ ವಿಚಾರಿಸಿ ಬರೆಯಬೇಕೆಂದು ಅದರ ತಾತ್ಪರ್ಯ. ಏಪ್ರಿಲ್ 23ರಂದು ಮದರಾಸನ್ನು ಬಿಟ್ಟ ಬುಕಾನನನು ಮೈಸೂರು, ಮಲೆಯಾಳ, ಕನ್ನಡ ಜಿಲ್ಲೆಗಳನ್ನು ಸುತ್ತಿ 1801ರ ಜುಲೈ ತಿಂಗಳಲ್ಲಿ ಮದರಾಸಿಗೆ ಹಿಂದಿರುಗಿದನು. ಅವನ ದಿನಚರಿಯು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. 1870ರಲ್ಲಿ ಮದರಾಸಿನಲ್ಲಿ ಮರುಮುದ್ರಣವಾಯಿತು. ವಿಷಯಗಳನ್ನು ವಿಂಗಡಿಸಿ ಬೇರೆ ರೂಪದಲ್ಲಿ ಬರೆಯಬೇಕೆಂಬ ಇಚ್ಛೆಯು ಅವನಿಗಿದ್ದರೂ ಅದು ಕೈಗೂಡದೆ ದಿನಚರಿಯ ರೂಪವೇ ಉಳಿಯಿತು. ನಮಗೆ ಇದರಿಂದ ಲಾಭವೇ ಆಯಿತು. ಯಾವ ಮಾತನ್ನು ಯಾವ ಊರಿನಲ್ಲಿ ಕೇಳಿದನೆಂಬುದು ಆ ರೂಪದಿಂದಲೇ ತಿಳಿಯುತ್ತದೆ.

ತುಮಕೂರು ಸೀಮೆಗೆ ಅವನು ಬಂದುದು 1800ರ ಆಗಸ್ಟ್ ತಿಂಗಳಿನಲ್ಲಿ. ಶಿರಾ, ಮಧುಗಿರಿ, ತೋವಿನಕೆರೆ, ತುಮಕೂರು, ಗುಬ್ಬಿ, ಮೂಗನಾಯಕನಕೋಟೆ, ತುರುವೇಕೆರೆ ಇವು ಅವನ ದಾರಿಯ ಊರುಗಳು. ಅಲ್ಲಿಂದ ಕುಣಿಗಲನ್ನು ಎಡಕ್ಕೆ ಬಿಟ್ಟು, ಬೆಳ್ಳೂರು ನಾಗಮಂಗಲಗಳ ಮೇಲೆ ಮೇಲುಕೋಟೆಗೂ ಶ್ರೀರಂಗಪಟ್ಟಣಕ್ಕೂ ಹೋದನು. ದಾರಿಯ ಅಳತೆಯನ್ನು ಟಿಪ್ಪುವಿನ ಕಾಲದಲ್ಲಿ ಗೊತ್ತಾಗಿದ್ದ ಸುಲ್ತಾನಿ ಕೋಸಿನಿಂದ ಎಣಿಸುವನು. ಆಳು ಸತ್ತರೂ ಅಳತೆ ಉಳಿಯುವುದೆಂಬುದಕ್ಕೆ ಇದೊಂದು ಸಾಕ್ಷಿ. ದಿನಕ್ಕೆ ಮೂರು ನಾಲ್ಕು ಕೋಸು ನಡೆದು ಒಂದೂರಿನಲ್ಲಿ ಇಳಿಯುವುದು, ದಾರಿಯ ಎರಡು ಕಡೆಯ ಮಣ್ಣು, ಕಲ್ಲು, ಗಿಡ, ಕೆರೆಗಳನ್ನು ಗಮನಿಸುವುದು, ಇಳಿದ ಮೇಲೆ ಊರಿನ ಗೌಡ, ಶಾನುಭೋಗ, ಸೆಟ್ಟಿ, ನೇಕಾರ, ಗೊಲ್ಲ ಮೊದಲಾದವರನ್ನು ಕರೆಸಿ ದುಭಾಷಿಯ ಮೂಲಕ ಪ್ರಶ್ನಿಸುವುದು, ಅನಂತರ ಬರೆಯುವುದು. ಇದು ಅವನ ದಿನಗಳ ಕ್ರಮ.

ಪ್ರಶ್ನವೆಂಬ ಉಪಾಯವನ್ನು ಅವನು ಬಳಸಿದ ರೀತಿಯು ಭಾಷಾಭ್ಯಾಸಿಗಳಾದ ನಮಗೆ ವಿಶೇಷವಾಗಿ ಉಪಯುಕ್ತವಾದುದು. ರೋಗಿಯು ತನ್ನ ಬಾಧೆಯನ್ನು ಯಾವ ಶಬ್ದದಿಂದ ಹೇಳುವನೋ ಆ ಶಬ್ದವನ್ನೇ ವೈದ್ಯನು ಬರೆದುಕೊಳ್ಳಬೇಕೆಂಬುದು ಒಳ್ಳೆಯ ಸಂಪ್ರದಾಯ. ಬುಕಾನನನು ರೈತನ ಶಬ್ದಗಳನ್ನು ಹಾಗೆಯೇ ಇಂಗ್ಲೀಷು ಅಕ್ಷರಗಳಲ್ಲಿ ಹಿಡಿದಿಟ್ಟನು. ಮಣ್ಣಿನ ಜಾತಿಗಳನ್ನು ಎರೆ, ಕೆಬ್ಬೆ, ಮರಳು, ದರೆ ಎಂದು ವಿಂಗಡಿಸಿ ಬರೆದನು. ಬತ್ತದ ಬೇಸಾಯದಲ್ಲಿ ಒಣಬೀಜವನ್ನು ಬಿತ್ತುವ ಬರಬತ್ತ, ಮೊಳಕೆ ಬರಿಸಿ ಎರಚುವ ಮೊಳೆಬತ್ತ, ಒಟ್ಲಿನ ಪೈರನ್ನು ಕಿತ್ತು ನೆಡುವ ನಾಟಿ ಎಂಬ ಮೂರು ಕ್ರಮಗಳನ್ನು ಗುರುತಿಸಿದನು. ರಾಗಿಯಲ್ಲಿ ಕರಿಯದು, ಕೆಂಪು ಎಂಬ ಭೇದಗಳನ್ನು ಕೇಳಿ ತಿಳಿದನು. ಕೂರಿಗೆ ಕುಂಟೆಗಳ ರಚನೆಯನ್ನು ವಿವರಿಸಿದನು. ಅವರೆ, ತೊಗರಿ, ಹುರುಳಿ, ಹುಚ್ಚೆಳ್ಳು, ಹರಳು ಈ ಹೆಸರುಗಳ ಪಕ್ಕದಲ್ಲಿ ಲಿನ್ನೇಯಸನ ಪದ್ಧತಿಯ ಲ್ಯಾಟಿನ್ ಹೆಸರನ್ನು ಬರೆದನು. ಸಸ್ಯದ ಲೋಕನಾಮವನ್ನೂ ಶಾಸ್ತ್ರನಾಮವನ್ನೂ ಜೊತೆಯಾಗಿ ಕೊಡುವ ಈ ಕ್ರಮವು ನಮ್ಮ ವೈದ್ಯನಿಘಂಟುಗಳ ಟೀಕಾಕಾರರು ಸಂಸ್ಕೃತನಾಮಕ್ಕೆ ಕನ್ನಡ ಪರ್ಯಾಯವನ್ನು ಕೊಡುವ ಕ್ರಮವನ್ನೇ ಹೋಲುತ್ತದೆ. ಕಾವ್ಯಗಳಲ್ಲಿಯೂ ಶಾಸನಗಳಲ್ಲಿಯೂ ಅಪರೂಪವಾಗಿ ಸಿಕ್ಕುವ ಹೊಲದ ಮಾತುಗಳು ಒಂದು ನಿಶ್ಚಿತವಾದ ವರ್ಷದಲ್ಲಿ, ನಿಶ್ಚಿತವಾದ ಊರುಗಳಲ್ಲಿ ಬಳಕೆಯಲ್ಲಿದ್ದುವೆಂಬುದಕ್ಕೆ ಇಷ್ಟು ಸ್ಪಷ್ಟವಾದ ಆಧಾರವು ಬೇರೆಡೆ ಸುಲಭವಾಗಿ ದೊರೆಯದು.

ಸ್ಪರ್ಶನವನ್ನೂ ಅವನು ಬಿಟ್ಟವನಲ್ಲ. ಕೊಳಗ, ಖಂಡುಗ, ಸೇರು, ಮಣ ಎಂಬ ಹೆಸರುಗಳು ಎಲ್ಲೆಡೆಯಲ್ಲಿಯೂ ಒಂದೇ ಆಗಿದ್ದರೂ ಅಳತೆಯು ಊರಿಂದೂರಿಗೆ ಬೇರೆಯಾಗಿದ್ದುದನ್ನು ಕಂಡು, ಅಲ್ಲಲ್ಲಿಯ ಅಳತೆಯನ್ನು ಇಂಗ್ಲೀಷು ಅಳತೆಗೆ ಪರಿವರ್ತಿಸಿ ಲೆಕ್ಕ ಹಾಕಿದನು. ಮಧುಗಿರಿ, ಚನ್ನರಾಯನದುರ್ಗಗಳ ಸುತ್ತ ಮಳೆಯ ನೀರು ಬೆಟ್ಟಗಳಿಂದ ಕೊಚ್ಚಿ ತರುವ ಕರಿಮರಳಿನಿಂದ ಕಬ್ಬಿಣವನ್ನು ತೆಗೆಯುತ್ತಿದ್ದ ಕುಲುಮೆಗಳನ್ನು ಕುರಿತು ಬರೆಯುವಾಗ ಅವನು ರಸಾಯನಶಾಸ್ತ್ರವನ್ನು ಬಲ್ಲ ವೈದ್ಯನೆಂಬುದು ಚೆನ್ನಾಗಿ ಕಾಣುತ್ತದೆ. ಮೂಸೆಯೊಳಗೆ ಕಬ್ಬಿಣದ ತುಂಡನ್ನೂ, ತಂಗಡಿಯ ಕಡ್ಡಿಯನ್ನೂ, ಒಂದು ಬಳ್ಳಿಯ ಹಸಿರೆಲೆಗಳನ್ನೂ ಇಟ್ಟು ಬಾಯಿಮುಚ್ಚಿ ಕಾಯಿಸಿ ಉಕ್ಕನ್ನು ಮಾಡುವ ವಿಧಾನವನ್ನು ಅವನು ಔಷಧಯೋಗವನ್ನು ಬರೆಯುವಷ್ಟೇ ಎಚ್ಚರದಿಂದ ಬರೆದಿರುವನು. ನಮ್ಮ ರಸಶಾಸ್ತ್ರದ ಪುಟಪಾಕವನ್ನು ಬಲ್ಲವರಿಗೆ ಈ ಭಾಗವು ಅಪರಿಚಿತವೆನಿಸದು. ಗುಬ್ಬಿಯಿಂದ ಮುಂದೆ, ಚಿಕ್ಕನಾಯಕನಹಳ್ಳಿಯ ಕಡೆಗೆ ಹಬ್ಬಿದ ಗುಡ್ಡಗಳಲ್ಲಿ ಕಬ್ಬಿಣದ ಅದುರನ್ನು ಅಗೆಯುತ್ತಿದ್ದುದನ್ನೂ ವಿಚಾರಿಸಿದನು.

ಇನ್ನು ದರ್ಶನ. ಗುಬ್ಬಿಯಲ್ಲಿ ಮನೆಗಳು 360, ಅಂಗಡಿಗಳು 154 ಎಂದು ಬರೆದಿರುವನು. ಈ ಎರಡು ಅಂಕಿಗಳನ್ನು ಜೊತೆಯಾಗಿಟ್ಟುದರಲ್ಲಿಯೇ ಅವನ ದೃಷ್ಟಿಯ ಸೂಕ್ಷ್ಮತೆಯಿದೆ. ಮನೆಗಳ ಎಣಿಕೆಯಿಂದ ನೋಡಿದರೆ ಅದು ಸಣ್ಣ ಊರು. ಅಂಗಡಿಗಳ ಎಣಿಕೆಯಿಂದ ನೋಡಿದರೆ ಸೀಮೆಗೆಲ್ಲ ದೊಡ್ಡ ಪೇಟೆ. ಹೆಚ್ಚುಕಡಿಮೆ ಎರಡು ಮನೆಗೆ ಒಂದರಂತೆ ಅಂಗಡಿಯಿರಬೇಕಾದರೆ ಕೊಳ್ಳುವವರು ಹೊರಗಿನಿಂದ ಬರಲೇಬೇಕು. ಹತ್ತಿಯ ಬಟ್ಟೆ, ಕಂಬಳಿ, ಅಡಕೆ, ಕೊಬ್ಬರಿ, ಬೆಲ್ಲ, ಹುಣಿಸೆ, ಮೆಣಸಿನಕಾಯಿ, ಧಾನ್ಯ, ಕಬ್ಬಿಣ ಮೊದಲಾದ ಸರಕುಗಳು ಗುಬ್ಬಿಯ ಸಂತೆಗೆ ಬಂದು ಅಲ್ಲಿಂದ ನಾಡಿನ ನಾಲ್ಕು ಕಡೆಗೂ ಹೋಗುತ್ತಿದ್ದುವು. ಅಂಗದ ಗಾತ್ರವನ್ನು ನೋಡದೆ ಅದರಲ್ಲಿ ಹರಿಯುವ ರಕ್ತವನ್ನು ನೋಡಿ ಅದರ ಮಹತ್ತ್ವವನ್ನು ತಿಳಿಯುವುದು ವೈದ್ಯನ ಅಭ್ಯಾಸ.

ಆದರೆ ಈ ನಾಡು ಅವನ ಕಣ್ಣಿಗೆ ಬಿದ್ದುದು ಆರೋಗ್ಯದ ಸ್ಥಿತಿಯಲ್ಲಲ್ಲ. ಅದಕ್ಕೆ ಒಂಬತ್ತು ವರ್ಷ ಹಿಂದೆ, 1791ರಲ್ಲಿ, ಮೂರನೆಯ ಮೈಸೂರು ಯುದ್ಧದಲ್ಲಿ, ಕಾರನ್‌ವಾಲಿಸನ ಮಿತ್ರರಾಗಿ ಬಂದ ಮರಾಠರ ಸೈನ್ಯಗಳು ಈ ದಾರಿಯಲ್ಲಿ ಹಾದುಹೋಗಿದ್ದುವು. ಶೃಂಗೇರಿಯ ಮಠವು ಸುಲಿಗೆಯಾದುದು ಆ ವರ್ಷದಲ್ಲಿಯೇ ಎಂಬುದು ವಾಚಕರಿಗೆ ವಿದಿತವಾಗಿದೆ. ನಾಗಮಂಗಲವನ್ನು ಪರಶುರಾಮ ಭಾವುವಿನ ಸೈನ್ಯವು ಹಾಳುಮಾಡಿತು. ಅಲ್ಲಿಯ ತೆಂಗಿನ ತೋಟಗಳು ಕೊಡಲಿಯ ಬಾಯಿಗೆ ಬಿದ್ದುವು. ಗುಬ್ಬಿಯ ಬಳಿಯ ಮೂಗನಾಯಕನಕೋಟೆಯ ಒಕ್ಕಲುಗಳು ಮಾತ್ರ ತಮ್ಮ ಮಣ್ಣಿನ ಕೋಟೆಯೊಳಗೆ ನಿಂತು ಮರಾಠರ ದಂಡೊಂದನ್ನು ಎದುರಿಸಿ ಹಿಮ್ಮೆಟ್ಟಿಸಿದ ಸಂಗತಿಯನ್ನು ಬುಕಾನನನು ಅಲ್ಲಿಯೇ ಕೇಳಿ ಬರೆದುಕೊಂಡಿರುವನು. ಆ ಗೆಲವನ್ನು ಹಾಡಿದ ಕವಿಯಿಲ್ಲ, ಕೆತ್ತಿದ ಶಾಸನವಿಲ್ಲ. ಅದನ್ನು ಲೋಕಕ್ಕೆ ತಿಳಿಸಿದುದು ಪರದೇಶದ ವೈದ್ಯನೊಬ್ಬನ ದಿನಚರಿ. ಉಳಿದ ಊರೂರಿನಲ್ಲಿಯೂ ಅವನು ಹೇಳುವ ವೃತ್ತಾಂತವು ಬಹಳ ಮಟ್ಟಿಗೆ ಒಂದೇ ಬಗೆಯದು: ಮೊದಲು ಇಷ್ಟು ಮನೆಗಳಿದ್ದುವು, ದಂಡು ಬಂದಿತು, ಜನರು ಓಡಿಹೋದರು, ಹಸಿವಿನಿಂದಲೂ ಬೇನೆಯಿಂದಲೂ ಸತ್ತರು, ಈಗ ಇಷ್ಟು ಉಳಿದಿವೆ.

ಇದನ್ನು ಓದುವಾಗ ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಮೂರನೆಯದಾದ ಜನಪದೋದ್ಧ್ವಂಸನೀಯಾಧ್ಯಾಯವು ನೆನಪಿಗೆ ಬರುತ್ತದೆ. ಒಬ್ಬೊಬ್ಬನ ಪ್ರಕೃತಿ, ಆಹಾರ, ವಯಸ್ಸುಗಳು ಬೇರೆ ಬೇರೆಯಾಗಿರುವಾಗ ಒಂದೇ ಕಾಲದಲ್ಲಿ ಇಡಿಯ ಜನಪದವು ಹೇಗೆ ನಾಶವಾಗುವುದೆಂದು ಅಗ್ನಿವೇಶನು ಕೇಳುವನು. ವಾಯು, ಉದಕ, ದೇಶ, ಕಾಲ ಈ ನಾಲ್ಕು ಎಲ್ಲರಿಗೂ ಸಮಾನವಾದುವು. ಇವು ಕೆಟ್ಟರೆ ಎಲ್ಲರೂ ಕೆಡುವರೆಂದು ಆತ್ರೇಯನು ಉತ್ತರವೀಯುವನು. ಅಷ್ಟಕ್ಕೇ ನಿಲ್ಲದೆ, ಇವು ಕೆಡುವುದಕ್ಕೆ ಮೂಲವು ನಾಡನ್ನಾಳುವವರಿಂದ ಮೊದಲಾಗುವ ಅಧರ್ಮವೆಂದೂ, ಶಸ್ತ್ರದಿಂದಾಗುವ ಜನಪದನಾಶಕ್ಕೂ ಅಧರ್ಮವೇ ಕಾರಣವೆಂದೂ ಹೇಳುವನು. ಯುದ್ಧವನ್ನು ವೈದ್ಯಗ್ರಂಥದೊಳಗೆ, ವ್ಯಾಧಿಗಳ ಪಕ್ಕದಲ್ಲಿ ಇಟ್ಟು ವಿಚಾರಿಸಿದ ಈ ದೃಷ್ಟಿಯು ಅಸಾಧಾರಣವಾದುದು. ಬುಕಾನನನು ಚರಕನನ್ನು ಓದಿ ಬಂದವನಲ್ಲ. ಆದರೂ ಅವನ ದಿನಚರಿಯ ತುಮಕೂರು ಭಾಗವು ಆ ಅಧ್ಯಾಯಕ್ಕೆ ಬರೆದ ಉದಾಹರಣೆಯಂತಿದೆ. ಭೇದವಿರುವುದು ಮೂಲಕಾರಣದ ನಿರ್ಣಯದಲ್ಲಿ. ಟಿಪ್ಪುವಿನ ಆಳಿಕೆಯ ದೋಷಗಳನ್ನೂ ಮರಾಠರ ಕ್ರೌರ್ಯವನ್ನೂ ಅವನು ಮುಚ್ಚಿಡದೆ ಹೇಳುವನು. ಆ ಮರಾಠರು ಯಾರ ಮಿತ್ರರಾಗಿ ಬಂದರೋ ಅವರ ಪಾಲಿನ ಅಧರ್ಮವನ್ನು ತೂಗುವ ಕೈ ಮಾತ್ರ ಅವನಿಗಿರಲಿಲ್ಲ. ಸಂಬಳವನ್ನು ಕೊಡುವವನೇ ರೋಗಕ್ಕೂ ಪಾಲುಗಾರನಾಗಿರುವಾಗ ವೈದ್ಯನ ನಿದಾನವು ಅರ್ಧಕ್ಕೆ ನಿಲ್ಲುವುದು ಸಹಜ.

ಅದೇ ಅಧ್ಯಾಯದಲ್ಲಿ ಆತ್ರೇಯನು ಶಿಷ್ಯನಿಗೆ ಇನ್ನೊಂದು ಮಾತನ್ನು ಹೇಳಿರುವನು. ಭೂಮಿಯು ತನ್ನ ರಸವನ್ನು ಕಳೆದುಕೊಳ್ಳುವುದಕ್ಕೆ ಮೊದಲೇ ಮೂಲಿಕೆಗಳನ್ನು ಕಿತ್ತು ಸಂಗ್ರಹಿಸಿಡಬೇಕು. ಉಪದ್ರವವು ಬಂದಾಗ ಅವುಗಳಿಂದ ಜನರನ್ನು ಕಾಪಾಡಬಹುದು ಎಂದು. ಬುಕಾನನನೂ ದಾರಿಯುದ್ದಕ್ಕೂ ಗಿಡಗಳನ್ನು ಸಂಗ್ರಹಿಸಿದನು. ಅವನ್ನು ಒಣಗಿಸಿ, ಹೆಸರು ಬರೆದು, ಇಂಗ್ಲೆಂಡಿನಲ್ಲಿದ್ದ ಸಸ್ಯಶಾಸ್ತ್ರಜ್ಞನೂ ತನ್ನ ಗೆಳೆಯನೂ ಆದ ಜೇಮ್ಸ್ ಎಡ್ವರ್ಡ್ ಸ್ಮಿತ್ತನಿಗೆ ಕೊಟ್ಟನು. ಸ್ಮಿತ್ತನ ಸಂಗ್ರಹದೊಡನೆ ಅವು ಲಂಡನ್ನಿನ ಲಿನ್ನೇಯನ್ ಸೊಸೈಟಿಯನ್ನು ಸೇರಿವೆ. ಆ ಸಂಗ್ರಹದಿಂದ ಸಸ್ಯಶಾಸ್ತ್ರಕ್ಕೆ ಉಪಕಾರವಾಯಿತು. ಆದರೆ ಆತ್ರೇಯನು ಹೇಳಿದ ಸಂಗ್ರಹವು ಇದಲ್ಲ.

ವೈದ್ಯನಿಗೂ ಆಳುವವನಿಗೂ ಇರುವ ಸಂಬಂಧವು ಈ ಸೀಮೆಗೆ ಹೊಸದಲ್ಲವೆಂಬುದನ್ನು ಇಲ್ಲಿ ಸ್ಮರಿಸಬಹುದು. ಗುಬ್ಬಿಯ ತಾಲ್ಲೂಕಿಗೆ ಸೇರಿದ ಕಡಬದಲ್ಲಿ ರಾಷ್ಟ್ರಕೂಟ ಪ್ರಭೂತವರ್ಷನ ಹೆಸರಿನ ತಾಮ್ರಶಾಸನವು ದೊರೆತಿದೆ. ಅದರಲ್ಲಿ ಶಕವರ್ಷ 735 ಎಂಬ ಕಾಲವು ಹೇಳಿದೆ. ಕುನುಂಗಿಲ್ ದೇಶವನ್ನು, ಎಂದರೆ ಈಗಿನ ಕುಣಿಗಲಿನ ಪ್ರಾಂತವನ್ನು, ಆಳುತ್ತಿದ್ದ ಚಾಲುಕ್ಯ ಕುಲದ ವಿಮಲಾದಿತ್ಯನಿಗೆ ಒದಗಿದ್ದ ಶನಿಪೀಡೆಯನ್ನು ಅರ್ಕಕೀರ್ತಿಯೆಂಬ ಜೈನಮುನಿಯು ಪರಿಹರಿಸಿದುದಕ್ಕಾಗಿ ಜಿನಾಲಯಕ್ಕೆ ಜಾಲಮಂಗಲವೆಂಬ ಗ್ರಾಮವು ದತ್ತವಾಯಿತೆಂದು ಅದು ತಿಳಿಸುತ್ತದೆ. ಈ ಶಾಸನದ ಪ್ರಾಮಾಣ್ಯವನ್ನು ಕುರಿತು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವುಂಟು. ಆದರೂ ಪೀಡೆಯನ್ನು ಕಳೆದವನಿಗೆ ಊರನ್ನು ಕೊಡುವುದು ಯೋಗ್ಯವೆಂಬ ಭಾವನೆಯು ಈ ನೆಲದಲ್ಲಿ ರೂಢವಾಗಿತ್ತೆಂಬುದಕ್ಕೆ ಅದು ಸಾಕ್ಷಿಯಾಗಿದೆ. ಅರ್ಕಕೀರ್ತಿಯ ಉಪಾಯವನ್ನು ಇಂದಿನ ವೈದ್ಯರು ಒಪ್ಪಲಾರರು. ಆದರೆ ಅಲ್ಲಿ ಪೀಡಿತನೂ, ಪರಿಹಾರವೂ, ದಕ್ಷಿಣೆಯೂ ಒಂದೇ ನಾಡಿನೊಳಗಿದ್ದುವು. ಬುಕಾನನನ ಸಂಗತಿಯಲ್ಲಿಯಾದರೋ ಪರೀಕ್ಷೆಗೆ ಒಳಗಾದುದು ಗುಬ್ಬಿ ತುಮಕೂರುಗಳ ಒಕ್ಕಲು. ವರದಿಯು ಹೋದುದು ಕಲ್ಕತ್ತೆಗೆ ಮತ್ತು ಲಂಡನ್ನಿಗೆ.

ಅವನು ಕೇಳದೆ ಬಿಟ್ಟ ಪ್ರಶ್ನೆಗಳೂ ವಿಚಾರಾರ್ಹವಾಗಿವೆ. ಗುಬ್ಬಿಯು ನಮಗೆ ಭಾವಚಿಂತಾರತ್ನವನ್ನೂ ವೀರಶೈವಾಮೃತಪುರಾಣವನ್ನೂ ಬರೆದ ಮಲ್ಲಣಾರ್ಯನ ಊರು. ಅವನಿಗೆ 154 ಅಂಗಡಿಗಳ ಊರು. ಕನ್ನಡದಲ್ಲಿ ಕೀರ್ತಿವರ್ಮನ ಗೋವೈದ್ಯ, ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕ, ಮಂಗರಾಜನ ಖಗೇಂದ್ರಮಣಿದರ್ಪಣ ಮೊದಲಾದ ವೈದ್ಯಗ್ರಂಥಗಳು ಶತಮಾನಗಳ ಹಿಂದೆಯೇ ಹುಟ್ಟಿದ್ದುವು. ದನಕರುಗಳ ತಳಿಯನ್ನು ವಿಚಾರಿಸುತ್ತ ಬಂದ ವೈದ್ಯನಿಗೆ ಗೋವೈದ್ಯವೆಂಬ ಗ್ರಂಥವೊಂದಿದೆಯೆಂದು ಹೇಳಿದವರಿಲ್ಲವೋ, ಹೇಳಿದರೂ ಅವನು ಕಿವಿಗೊಡುತ್ತಿದ್ದನೋ! ನಮ್ಮ ಪುರಾಣಗಳನ್ನೂ ಕಾಲಗಣನೆಯನ್ನೂ ಅವನು ಅವಿಶ್ವಾಸದಿಂದಲೇ ಕಂಡವನು. ಬ್ರಾಹ್ಮಣರ ಮಾತನ್ನು ಕುರಿತು ಅವನ ಲೇಖನಿಯು ಹಲವೆಡೆ ಕಟುವಾಗುತ್ತದೆ. ಈ ಕಟುತ್ವವು ಸಂಸ್ಕೃತ ಪಾಠಶಾಲೆಗಳಲ್ಲಿ ಬೆಳೆದ ನಮ್ಮಂಥವರನ್ನು ನೋಯಿಸುವುದುಂಟು. ಆದರೆ ಹೊಲದವನ ಮಾತನ್ನು ನಮ್ಮ ಪೂರ್ವಿಕರು ಎಷ್ಟರ ಮಟ್ಟಿಗೆ ಕಿವಿಗೊಟ್ಟು ಕೇಳಿ ಬರೆದಿಟ್ಟರೆಂದು ನಮ್ಮನ್ನು ನಾವೇ ಕೇಳಿಕೊಂಡರೆ ಆ ನೋವು ನಾಚಿಕೆಯಾಗಿ ಮಾರ್ಪಡುತ್ತದೆ. ಕೂರಿಗೆಯ ವರ್ಣನೆಯನ್ನು ಬರೆಯಬಲ್ಲ ಪಂಡಿತರು 1800ರಲ್ಲಿ ಈ ಸೀಮೆಯಲ್ಲಿಯೂ ಇದ್ದರು. ಅದು ಬರೆಯತಕ್ಕ ವಿಷಯವೆಂದು ಅವರಿಗೆ ತೋರಲಿಲ್ಲ.

ಬುಕಾನನನ ಅಂಕಿಗಳನ್ನು ಎಷ್ಟರ ಮಟ್ಟಿಗೆ ನಂಬಬಹುದೆಂಬುದು ಮುಂದಿನ ಪ್ರಶ್ನೆ. ಅವನು ಒಂದೂರಿನಲ್ಲಿ ನಿಲ್ಲುತ್ತಿದ್ದುದು ಸಾಮಾನ್ಯವಾಗಿ ಒಂದೆರಡು ದಿನ ಮಾತ್ರ. ಕನ್ನಡವು ಅವನಿಗೆ ಬಾರದು. ಎಲ್ಲವೂ ದುಭಾಷಿಯ ಬಾಯಿಂದ ಬರಬೇಕು. ಸರ್ಕಾರದ ಕಡೆಯಿಂದ ಬಂದ ದೊರೆಯು ಇಳುವರಿಯನ್ನು ಕೇಳಿದರೆ ಕಂದಾಯವನ್ನು ಏರಿಸುವುದಕ್ಕೇ ಕೇಳುತ್ತಿರುವನೆಂದು ರೈತನು ಭಯಪಟ್ಟು ಕಡಿಮೆ ಹೇಳುವನು. ದಂಡಿನಿಂದಾದ ನಷ್ಟವನ್ನು ಕೇಳಿದರೆ ಕಂದಾಯದ ಮಾಫಿಯು ದೊರೆಯಬಹುದೆಂದು ಹೆಚ್ಚು ಹೇಳುವನು. ಜನರ ಮಾತನ್ನು ನಂಬಲಾಗದೆಂಬ ದೂರು ಅವನ ದಿನಚರಿಯಲ್ಲಿಯೇ ಇದೆ. ರೋಗಿಯು ಪಥ್ಯದ ಭಯದಿಂದ ತಿಂದುದನ್ನು ಮರೆಮಾಚುವಂತೆ ಈ ನಾಡು ಅವನಿಗೆ ಉತ್ತರ ಕೊಟ್ಟಿತು. ಆದುದರಿಂದ ಅವನು ಕಣ್ಣಾರೆ ಕಂಡು ಬರೆದುದನ್ನು ಪ್ರತ್ಯಕ್ಷದಂತೆಯೂ, ಹಲವರಿಂದ ಕೇಳಿ ಹೋಲಿಸಿದುದನ್ನು ಅನುಮಾನದಂತೆಯೂ, ಒಬ್ಬನ ಬಾಯಿಂದ ಕೇಳಿದುದನ್ನು ಪರೀಕ್ಷೆಯಾಗಬೇಕಾದ ಶಬ್ದದಂತೆಯೂ ವಿಂಗಡಿಸಿ ಓದುವುದು ಉಚಿತ. ಈ ವಿಂಗಡಣೆಯನ್ನು ಮಾಡದೆ ಅವನ ಅಂಕಿಗಳನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗುವುದು ಇತಿಹಾಸಕ್ಕೆ ಅಪಚಾರ. ಗುಬ್ಬಿಯ ಮನೆ ಅಂಗಡಿಗಳ ಲೆಕ್ಕವು ಸುಲಭವಾಗಿ ಎಣಿಸಿ ತಿಳಿಯಬಹುದಾದುದು. ಒಂದು ಖಂಡುಗ ಭೂಮಿಯ ಇಳುವರಿಯ ಲೆಕ್ಕವು ಹಾಗಲ್ಲ.

ಹಾಗಾದರೆ ಕಂಪೆನಿಯ ವೈದ್ಯರು ಈ ನಾಡಿಗೆ ಚಿಕಿತ್ಸೆಯನ್ನೇ ಮಾಡಲಿಲ್ಲವೇ ಎಂದರೆ, ಹಾಗೆಂದು ಹೇಳುವುದು ನ್ಯಾಯವಲ್ಲ. ಗೋವಿನ ಸಿಡುಬಿನ ರಸದಿಂದ ದೇವಿ ಹಾಕುವ ಕ್ರಮವು 1802ರ ಜೂನ್ ತಿಂಗಳಲ್ಲಿ ಮುಂಬಯಿಗೆ ಬಂದಿತು. ಕೆಲವೇ ವರ್ಷಗಳೊಳಗೆ ಅದು ಮೈಸೂರಿನ ಅರಮನೆಯನ್ನೂ ಮುಟ್ಟಿತು. ರಾಜಮನೆತನದ ಸ್ತ್ರೀಯರು ಅದನ್ನು ಹಾಕಿಸಿಕೊಂಡು ಪ್ರಜೆಗಳ ಶಂಕೆಯನ್ನು ನೀಗಿದರು. ಇದು ನಿಜವಾದ ಉಪಕಾರ. ಆದರೆ ಬುಕಾನನನ ಸಂಚಾರದಲ್ಲಿ ಇಂಥದಕ್ಕೆ ಅವಕಾಶವಿರಲಿಲ್ಲ. ಅವನ ಆಜ್ಞಾಪತ್ರವು ರೋಗಿಗಳಿಗಾಗಿ ಬರೆದುದಲ್ಲ. ವಿಷಮಜ್ವರದ ಚಿಕಿತ್ಸೆಯನ್ನು ಕುರಿತು ಪ್ರಬಂಧ ಬರೆದವನು ಶ್ರಾವಣದ ಮಳೆಯಲ್ಲಿ, ಕೆರೆಯ ಕೆಳಗಿನ ಊರುಗಳಲ್ಲಿ ಇಳಿದುಕೊಂಡು, ಅಡಕೆಯ ಧಾರಣೆಯನ್ನು ಬರೆದುಕೊಳ್ಳುತ್ತಿದ್ದನೆಂಬುದು ಅವನ ಹೃದಯದ ದೋಷವಲ್ಲ, ಉದ್ಯೋಗದ ಸ್ವರೂಪ. ಈ ಸಂಚಾರವಾದ ಮೇಲೆ ಅವನು ನೇಪಾಳಕ್ಕೆ ಹೋದನು. 1807ರಿಂದ ಏಳು ವರ್ಷ ಬಂಗಾಳ ಬಿಹಾರಗಳ ಜಿಲ್ಲೆಗಳನ್ನು ಇದೇ ರೀತಿಯಲ್ಲಿ ಪರೀಕ್ಷಿಸಿದನು. ಕಡೆಗೆ ಕಲ್ಕತ್ತೆಯ ಸಸ್ಯೋದ್ಯಾನದ ಅಧಿಕಾರಿಯಾಗಿದ್ದು ಸ್ವದೇಶಕ್ಕೆ ಹಿಂದಿರುಗಿ, ಹ್ಯಾಮಿಲ್ಟನ್ ಎಂಬ ಹೆಸರನ್ನು ತಳೆದು, 1829ರಲ್ಲಿ ತೀರಿಕೊಂಡನು. ವೈದ್ಯನೆಂದು ಸೇವೆಗೆ ಸೇರಿದವನ ಕೀರ್ತಿಯು ಔಷಧದಿಂದ ಬಂದುದಲ್ಲ, ಪ್ರಶ್ನೆಗಳಿಂದ ಬಂದುದು.

ಆ ಪ್ರಶ್ನೆಗಳಿಗೆ ಉತ್ತರ ಕೊಟ್ಟವರು ಯಾರು? ಬಹುಮಟ್ಟಿಗೆ ಹೆಸರಿಲ್ಲದವರು. ಗುಬ್ಬಿಯ ಸೆಟ್ಟಿಗಳು, ಮಧುಗಿರಿಯ ಸುತ್ತಿನ ಗೊಲ್ಲರು, ಕುಲುಮೆಯ ಕೆಲಸಗಾರರು, ಕೋಟೆಯನ್ನು ಕಾಯ್ದುಕೊಂಡ ಮೂಗನಾಯಕನಕೋಟೆಯ ಒಕ್ಕಲುಗಳು. ಅವರ ಮಾತುಗಳು ಇಂಗ್ಲೀಷು ಲಿಪಿಯ ವಿಕೃತರೂಪದಲ್ಲಿ ಆ ಸಂಪುಟಗಳೊಳಗೆ ಅಡಗಿವೆ. ಇಲ್ಲಿ ನಮ್ಮ ಪಾಲಿನ ಕಾರ್ಯವೊಂದು ಉಳಿದಿದೆ. ರೈಸ್ ಸಾಹೇಬರು 1904ರಲ್ಲಿ ತುಮಕೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ಣಾಟಿಕದ ಹನ್ನೆರಡನೆಯ ಸಂಪುಟದಲ್ಲಿ ಪ್ರಕಟಿಸಿ ಕಲ್ಲಿನ ಮಾತನ್ನು ನಮ್ಮ ಕೈಗೆ ಕೊಟ್ಟರು. ಅದರ ಜೊತೆಗೆ ಬುಕಾನನನ ದಿನಚರಿಯಲ್ಲಿರುವ ಊರು, ಬೆಳೆ, ಮಣ್ಣು, ಉಪಕರಣ, ಅಳತೆ, ವೃತ್ತಿ ಇವುಗಳ ಕನ್ನಡ ಶಬ್ದಗಳನ್ನೆಲ್ಲ ಆರಿಸಿ, ಸರಿಯಾದ ಕನ್ನಡ ರೂಪಕ್ಕೆ ತಿರುಗಿಸಿ, ಆಯಾ ಊರಿನ ಇಂದಿನ ರೈತರ ಬಳಕೆಯೊಡನೆ ಹೋಲಿಸಿ, ಒಂದು ಕೋಶವನ್ನು ಸಿದ್ಧಪಡಿಸಿದರೆ ಭಾಷೆಯ ಚರಿತ್ರೆಗೂ ಜನರ ಚರಿತ್ರೆಗೂ ಏಕಕಾಲದಲ್ಲಿ ಉಪಕಾರವಾಗುವುದು. ಟ್ರಾಕ್ಟರು ಬಂದ ಹೊಲಗಳಲ್ಲಿ ಕೂರಿಗೆಯ ಅಂಗಾಂಗಗಳ ಹೆಸರನ್ನು ಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿರುವರು. ಭೂಮಿಯು ರಸವನ್ನು ಕಳೆದುಕೊಳ್ಳುವ ಮೊದಲು ಮೂಲಿಕೆಯನ್ನು ಸಂಗ್ರಹಿಸಬೇಕೆಂದು ಆತ್ರೇಯನು ವಿಧಿಸಿದುದು ಶಬ್ದಗಳಿಗೂ ಅನ್ವಯಿಸುತ್ತದೆ. ಬುಕಾನನನು ನಿದಾನವನ್ನು ಬರೆದುಕೊಂಡು ಹೋದನು. ಅದರಲ್ಲಿ ನಮ್ಮದಾದುದನ್ನು ಗುರುತಿಸಿ ಹಿಂದಕ್ಕೆ ತರುವುದು ನಮ್ಮ ಕೆಲಸ. ತುಮಕೂರು ಸೀಮೆಯ ಅಧ್ಯಾಪಕರು ತಮ್ಮ ಶಿಷ್ಯರೊಡನೆ ಒಂದೊಂದು ಹೋಬಳಿಯಿಂದ ಅದನ್ನು ಆರಂಭಿಸಬಹುದು.